ನಿಮಿಷಕ್ಕೆ ನೂರ ಹತ್ತು

ಜನವರಿ 28

ಸಂಪಾದಕ ಮಹಾಶಯರ ಸನ್ನಿಧಾನಕ್ಕೆ,

ಇದರ ಜೊತೆ ಒಂದು ಕ್ಯಾಸೆಟ್ ಇದೆ. ಅಂಗಡಿಗೆ ಬರುವುದು ಮಾರ್ಚ್ ಮೊದಲ ವಾರ. ಪ್ರತಿ ಸಲದಂತೆ ಈ ಸಲವೂ ನಮ್ಮ 'ಇಂಗಾಲ' ಬ್ಯಾಂಡಿನ ಹೊಸ ಆಲ್ಬಂ ಮೊದಲು ನಿನ್ನ ಕೇಳುಗರ ಕೂಟಕ್ಕೇ ಬರುತ್ತಿದೆ. ಹೆಸರು 'ಹಳದಿ ಛತ್ರಿ'. ನಗಬೇಡ. ಹೆಸರಿಟ್ಟದ್ದು ನಾವಲ್ಲ, ಕಂಪನಿಯವರು.

ನಿನ್ನಿಂದ ಮುಚ್ಚಿಡುವುದು ಏನಿದೆ? ಇಪ್ಪತ್ತೆರಡು ವರ್ಷ ಮಾಡಿದ ಹಾಗೆ ಇದನ್ನು ಮಾಡಲಿಲ್ಲ. ಹತ್ತು ಹಾಡು. ಒಂದೂ ಮೂರು ಮುಕ್ಕಾಲು ನಿಮಿಷ ದಾಟಬಾರದು ಎಂದು ಮೊದಲೇ ಕರಾರು. ಹತ್ತರಲ್ಲಿ ಏಳು ಪ್ರೇಮದವು. ನಮ್ಮ ಹಾಡುಗಾರ, ಅದೇ ನಾವೆಲ್ಲ ಗಂಟಲು ಅಂತ ಕರೆಯುವವನು, ಐವತ್ತರ ಹೊಸ್ತಿಲಲ್ಲಿ ನಿಂತು 'ಕಿಟಕಿ ತೆಗಿ ಚೆಲುವೆ' ಎಂದು ಹಾಡುವಾಗ ನಾನು ಡ್ರಮ್ಸ್ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. "ಏನೋ, ನಾಚಿಕೆ ಆಗ್ತಿದ್ಯಾ?" ಅಂದ. "ನಂಗಲ್ಲ, ಕಿಟಕಿಗೆ" ಅಂದೆ. ಎಲ್ಲರೂ ನಕ್ಕರು, ಕಂಪನಿಯವನೊಬ್ಬನನ್ನು ಬಿಟ್ಟು.

ನಿನ್ನ ಅಕ್ಕನಿಗೆ ಇನ್ನೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ನನ್ನ ಡ್ರಮ್ಸ್‌ನಿಂದ ಹಾಡು ಭಾರವಾಗುತ್ತದೆ ಎಂದು ಆ ಕಂಪನಿಯವನ ಅಭಿಪ್ರಾಯ. ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ತಂದಿದ್ದಾನೆ. ಗುಂಡಿ ಒತ್ತಿದರೆ ಅದೇ ಡ್ರಮ್ಸ್ ನುಡಿಸುತ್ತದೆ. ಆಲ್ಬಮ್ಮಿನಲ್ಲಿ ನಾನೇ ನುಡಿಸಿದ್ದೇನೆ, ಆದರೆ ಏಪ್ರಿಲ್‌ನಿಂದ ಊರೂರು ಸುತ್ತುವ ಕಾರ್ಯಕ್ರಮಗಳಿಗೆ ಪೆಟ್ಟಿಗೆ ಸಾಕು ಅಂತ ಅವನ ವಾದ. ಗಂಟಲು ಒಪ್ಪಲಿಲ್ಲ. "ಮೊದ್ಲು ಕೇಳೋರು ಏನಂತಾರೆ ನೋಡೋಣ. ಕೂಟದ ವಿಮರ್ಶೆಯ ಹಾಳೆ ಬರ್ಲಿ. ಆಮೇಲೆ ತೀರ್ಮಾನ" ಅಂದ. ಕಂಪನಿಯವನೂ ಆಗಲಿ ಅಂದಿದ್ದಾನೆ. ಹಾಗಾಗಿ ಈ ಸಲ ನಿನ್ನ ಹಾಳೆಯಲ್ಲಿ ಬರುವುದು ನನ್ನ ಕೆಲಸದ ತೀರ್ಪು.

ಕರುಣೆ ತೋರಿಸು ಅಂತ ಬರೆಯುತ್ತಿಲ್ಲ. ನಿನ್ನ ಹಾಳೆ ಹಿಂದೆ ಎರಡು ಸಲ ನನ್ನನ್ನು ಬೈದಿದೆ, ಎರಡು ಸಲವೂ ಸರಿಯಾಗಿಯೇ ಬೈದಿದೆ. ಕೇಳುವುದು ಇಷ್ಟೇ. ನಿಮ್ಮ ಕೂಟದ ನಿಯಮ ಇದೆಯಲ್ಲ, ಅದನ್ನು ಈ ಸಲ ಯಾರೂ ಮುರಿಯದಂತೆ ನೋಡಿಕೋ. ಮೊದಲ ಸಲ ಸುಮ್ಮನೆ ಕೂತು, ಎರಡನೆಯ ಸಲ ಸಾಹಿತ್ಯ ಕೈಯಲ್ಲಿ ಹಿಡಿದು, ಮೂರನೆಯ ಸಲ ಏನಾದರೂ ಕೆಲಸ ಮಾಡುತ್ತಾ. ಮೂರು ಮುಗಿದ ಮೇಲೇ ಬರೆಯಿರಿ.

ಅಕ್ಕ ಚೆನ್ನಾಗಿದ್ದಾಳೆ. ನೀನು ಕಾಗದ ಬರೆಯುವುದಿಲ್ಲ ಎಂದು ಗೊಣಗುತ್ತಾಳೆ.

ತೀರ್ಪಿಗೆ ಕಾದು ಕುಳಿತ,
ಭಾವ

*

ಫೆಬ್ರವರಿ 24

ಭಾವ,

ಹಾಳೆ ಇದರೊಳಗಿದೆ. ನಿನ್ನೆಯೇ ಮುನ್ನೂರು ಪ್ರತಿ ಅಂಚೆಗೆ ಹೋದವು. ನಾನು ಕೆಲಸ ಮಾಡುವ ಪತ್ರಿಕೆಯ ಭಾನುವಾರದ ಪುಟದವರು ಆಯ್ದ ಭಾಗ ಕೇಳಿದರು, ಕೊಟ್ಟಿದ್ದೇನೆ. ಬೇರೆ ಯಾರದೋ ಬಾಯಿಂದ ಕೇಳುವ ಮೊದಲು ನೀವು ನನ್ನ ಕೈಯಿಂದಲೇ ಓದಬೇಕು ಎಂದು ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಸಿಹಿ ಸುದ್ದಿ ಇಲ್ಲ. ಕ್ಯಾಸೆಟ್ಟಿನಿಂದ ಎಂದಿನಂತೆ ಮನೆಯಲ್ಲೇ ನನ್ನ ಟೇಪ್ ರೆಕಾರ್ಡರಿನಲ್ಲಿ ಓಡಿಸಿ ಒಂಬತ್ತು ಪ್ರತಿ ಮಾಡಿ ಒಂಬತ್ತು ಸದಸ್ಯರಿಗೆ ಹಂಚಿದೆ. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮೂರು ಸಲ ಕೇಳಿ ಬರೆದಿದ್ದಾರೆ. ಮುಖ್ಯವಾದವನ್ನು ಇಲ್ಲೇ ಬರೆಯುತ್ತೇನೆ, ಹಾಳೆಯ ಅಕ್ಷರ ಸಣ್ಣದು.

ಲಿಫ್ಟ್ ರಿಪೇರಿಯವರು: "ಒಂಬತ್ತು ಜನರ ಲಿಫ್ಟಿಗೆ ಹದಿನಾಲ್ಕು ಜನ ಹತ್ತಿದ ಹಾಗಿದೆ. ಮೇಲೆ ಹೋಗುತ್ತೆ, ಆದರೆ ನರಳಿಕೊಂಡು ಹೋಗುತ್ತೆ."

ಕ್ಷೌರದಂಗಡಿಯವರು: "ಅಂಗಡಿಯಲ್ಲಿ ಹಾಕಿದೆ. ಕುರ್ಚಿಯಲ್ಲಿ ಕೂತ ಗಿರಾಕಿ ನಿದ್ದೆ ಹೋದ. ನಮ್ಮ ಕೆಲಸಕ್ಕೆ ಒಳ್ಳೆಯದೇ, ತಲೆ ಅಲ್ಲಾಡುವುದಿಲ್ಲ."

ನರ್ಸಮ್ಮ: "ಎರಡನೆಯದು ಕುಣಿಯುವ ಹಾಡಂತೆ. ಕೈಗಡಿಯಾರ ಹಿಡಿದು ಡ್ರಮ್ಸ್‌ನ ಏಟು ಎಣಿಸಿದೆ. ನಿಮಿಷಕ್ಕೆ ನೂರ ಹತ್ತು. ಹಳೆಯ 'ಗಣಿ' ಆಲ್ಬಮ್ಮಿನಲ್ಲಿ ಇದೇ ಡ್ರಮ್ಮರ್ ನೂರ ನಲವತ್ತು ದಾಟುತ್ತಿದ್ದರು. ವಾರ್ಡಿನಲ್ಲಿ ರೋಗಿಯ ನಾಡಿ ಹೀಗೆ ಇಳಿಯುತ್ತಾ ಬಂದಿದ್ದರೆ ಡಾಕ್ಟರನ್ನು ಕರೆಯುತ್ತಿದ್ದೆ."

ವಿಜ್ಞಾನದ ಮೇಷ್ಟ್ರು: "ಸಾಬೂನಿನ ಜಾಹೀರಾತಿನಂತೆ ಶುರುವಾಗಿ ಶವಯಾತ್ರೆಯಂತೆ ಮುಗಿಯುತ್ತವೆ. ಕೊನೆಯ ಹಾಡು ಪೂರಾ ನಾಲ್ಕು ನಿಮಿಷ. ಗಂಟಲಿನ ದನಿಯೂ ದಪ್ಪಗಾಗಿದೆ. ಮಾರಿಕೊಳ್ಳುವುದೇ ಆದರೆ ಸ್ವಲ್ಪ ಚುರುಕಾಗಿಯಾದರೂ ಮಾರಿಕೊಳ್ಳಬಹುದಿತ್ತು."

ಉಳಿದ ಐವರದೂ ಇದೇ ಧಾಟಿ. ಮೊದಲ ಪುಟದಲ್ಲಿ ನನ್ನದು. ತಲೆಬರಹ 'ಇಂಗಾಲ ಆರಿತು'. ನಿಮ್ಮ ಬಗ್ಗೆ ಇರುವ ಸಾಲುಗಳನ್ನು ನಾನೇ ಇಲ್ಲಿ ಬರೆಯಬೇಕು, ಅದು ಮರ್ಯಾದೆ: "ಡ್ರಮ್ಮರ್ ಹಾಡನ್ನು ನಡೆಸುತ್ತಿಲ್ಲ. ಹಾಡೇ ಅವರನ್ನು ಎಳೆದುಕೊಂಡು ಹೋಗುತ್ತಿದೆ. ಬರೆಯಲು ಸಂಕಟವಾದರೂ ಬರೆಯಬೇಕು, ಕೈಗೆ ವಯಸ್ಸಾಗಿದೆ."

ನೀವು ಕರುಣೆ ಬೇಡ ಎಂದಿರಿ. ಆ ಮಾತನ್ನು ನಾನು ಗೌರವಿಸಿದ್ದೇನೆ.

ನಿಮ್ಮ ಹಾಳೆಯವನು

*

ಮಾರ್ಚ್ 9

ಪುಟ್ಟೂ,

ನಿನ್ನ ಹಾಳೆ ಬಂದ ದಿನ ಇವರು ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. ನಾನು ತಟ್ಟೆ ಇಡಬೇಕಿತ್ತು, ಸ್ವಲ್ಪ ಎತ್ತಿಕೊಳ್ಳಿ ಅಂದೆ. ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಊಟ ಮಾಡಿದರು. ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ. ಅದನ್ನೂ ಹೇಳಲಿಲ್ಲ.

ಗುರುವಾರ ಕಂಪನಿಯವನು ಕರೆಸಿದ್ದ. ಅವನ ಮೇಜಿನ ಮೇಲೂ ನಿನ್ನ ಹಾಳೆ ಇತ್ತಂತೆ. 'ಕೈಗೆ ವಯಸ್ಸಾಗಿದೆ' ಅನ್ನುವುದರ ಕೆಳಗೆ ಕೆಂಪು ಗೆರೆ ಎಳೆದಿದ್ದನಂತೆ. "ಇದು ನಾನು ಹೇಳಿದ್ದಲ್ಲ ಸಾರ್, ನಿಮ್ಮವರೇ ಹೇಳಿದ್ದು" ಅಂದನಂತೆ. ಗಂಟಲಣ್ಣ ಅಲ್ಲೇ ಕೂತಿದ್ದನಂತೆ. ಕಿಟಕಿ ಕಡೆ ನೋಡುತ್ತಾ ಕೂತಿದ್ದನಂತೆ. ಏಪ್ರಿಲ್‌ನಿಂದ ಪೆಟ್ಟಿಗೆ. ಇವರು ಬೇಡ. ಮುಂದಿನ ಆಲ್ಬಮ್ಮಿಗೂ ಬೇಡ.

ಇದೆಲ್ಲ ಮೊದಲೇ ನಿನಗೆ ಗೊತ್ತಿತ್ತು ಅಂತ ನನಗೆ ಮೊನ್ನೆ ಗೊತ್ತಾಯಿತು. ಹೆಂಡತಿಗೆ ಹೇಳದ್ದನ್ನು ನಿನಗೆ ಹೇಳಿದರು. ಅಷ್ಟು ನಂಬಿದ್ದರು. ಗೊತ್ತಿದ್ದೂ ಬರೆದೆಯಲ್ಲೋ. ಒಂದು ಸಾಲು, 'ಡ್ರಮ್ಸ್ ಪರವಾಗಿಲ್ಲ' ಅಂತ ಒಂದೇ ಸಾಲು ಬರೆದಿದ್ದರೆ ನಿನ್ನ ಕೈ ಬಿದ್ದುಹೋಗುತ್ತಿತ್ತಾ?

ನಿನ್ನ ಸಂಸಾರ ಮುರಿದ ವರ್ಷ ಮೂರು ತಿಂಗಳು ನಮ್ಮ ಮನೆಯಲ್ಲಿದ್ದೆ. ನಿನಗೆ ಸದ್ದು ಆಗಬಾರದು ಅಂತ ಇವರು ಆ ಮೂರು ತಿಂಗಳು ದಿಂಬಿನ ಮೇಲೆ ಅಭ್ಯಾಸ ಮಾಡಿದರು. ನಾನು ನೆನಪಿಸಬಾರದು. ನೆನಪಿಸುತ್ತಿದ್ದೇನೆ.

ಇವರನ್ನು ಕೇಳಿದರೆ, "ಅವನು ನನಗೋಸ್ಕರ ಸುಳ್ಳು ಬರೆದಿದ್ರೆ ನಾನೇ ಅವನ ಹಾಳೆ ಓದ್ತಿರ್ಲಿಲ್ಲ ಬಿಡು" ಅನ್ನುತ್ತಾರೆ. ಅವರು ಹಾಗೆ ಅನ್ನಬಹುದು. ನಾನು ಅನ್ನುವುದಿಲ್ಲ.

ಅಕ್ಕ

*

ಮಾರ್ಚ್ 15

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಸಿಟ್ಟಿಗೆ ಸಿಟ್ಟು ಬರೆಯುವುದು ಸುಲಭ, ಅದು ಬೇಡ.

ಪತ್ರಿಕೆಯಲ್ಲಿ ನನ್ನ ಕೆಲಸ ಪ್ರೂಫ್ ನೋಡುವುದು. ಮಂತ್ರಿಯ ಭಾಷಣದಲ್ಲಿ ತಪ್ಪಿದ್ದರೂ ತಿದ್ದುತ್ತೇನೆ, ಮರಣವಾರ್ತೆಯಲ್ಲಿ ತಪ್ಪಿದ್ದರೂ ತಿದ್ದುತ್ತೇನೆ. ಯಾರದು ಎಂದು ಮೇಲೆ ನೋಡುವುದಿಲ್ಲ. ಕೂಟದ ಹಾಳೆಗೆ ಇಪ್ಪತ್ತು ವರ್ಷದಿಂದ ಬೆಲೆ ಬಂದಿರುವುದು ಅದರಿಂದಲೇ. ಭಾವನಿಗೆ ಒಂದು ತಕ್ಕಡಿ, ಬೇರೆಯವರಿಗೆ ಇನ್ನೊಂದು ಎಂದು ಇಟ್ಟುಕೊಂಡರೆ ಅದು ಹಾಳೆಯಲ್ಲ, ಬೀಗರ ಓಲೆ.

ಬರೆದದ್ದು ನಾನೊಬ್ಬನೇ ಅಲ್ಲ. ಒಂಬತ್ತು ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಮಾತು ಬರೆದಿದ್ದಾರೆ. ನರ್ಸಮ್ಮ ಗಡಿಯಾರ ಹಿಡಿದು ಎಣಿಸಿದ್ದಾರೆ. ಅಂಕಿ ಯಾರ ಸಂಬಂಧಿಯೂ ಅಲ್ಲ.

ದಿಂಬಿನ ವಿಷಯ ನಾನು ಮರೆತಿಲ್ಲ.

ತಮ್ಮ

*

ಏಪ್ರಿಲ್ 2

ಸಂಪಾದಕರೇ,

ಕೆಲಸವಿಲ್ಲದವನಿಗೆ ಓದಲು ಸಮಯ ಜಾಸ್ತಿ. ನಿನ್ನ ಹಾಳೆಯನ್ನು ಈಗ ಬಾಯಿಪಾಠ ಮಾಡಿದ್ದೇನೆ.

ಎರಡು ಸಾಲು ಹೊಂದುತ್ತಿಲ್ಲ. ಒಂದು, ನರ್ಸಮ್ಮನ ನೂರ ಹತ್ತು. ಆ ಹಾಡನ್ನು ನಾನು ಕಿವಿಯಲ್ಲಿ ಟಿಕ್ ಟಿಕ್ ಸಿಕ್ಕಿಸಿಕೊಂಡು ನುಡಿಸಿದ್ದು. ಸ್ಟುಡಿಯೋದಲ್ಲಿ ಆ ಟಿಕ್ ಟಿಕ್‌ಗೆ ನೂರ ಇಪ್ಪತ್ತು ಇಟ್ಟಿದ್ದರು. ಒಂದು ಕೂದಲಷ್ಟು ಹಿಂದೆ ಬಿದ್ದರೂ ಕಂಪನಿಯವನು ನಿಲ್ಲಿಸಿ ಮೊದಲಿನಿಂದ ಮಾಡಿಸುತ್ತಿದ್ದ. ಎರಡು, ಮೇಷ್ಟ್ರ ನಾಲ್ಕು ನಿಮಿಷ. ಕೊನೆಯ ಹಾಡು ಮೂರು ನಿಮಿಷ ನಲವತ್ತು ಸೆಕೆಂಡು. ಕವರಿನ ಮೇಲೇ ಅಚ್ಚಾಗಿದೆ. ನಿಮಗೆ ಕಳಿಸಿದ ಕ್ಯಾಸೆಟ್ಟಿಗೆ ಕವರಿರಲಿಲ್ಲ, ಅದು ಬೇರೆ ಮಾತು.

ಎರಡನ್ನೂ ಭಾಗಿಸಿ ನೋಡಿದೆ. ಎರಡರಲ್ಲೂ ಒಂದೇ ಪ್ರಮಾಣ ಬರುತ್ತದೆ. ಹನ್ನೆರಡಕ್ಕೆ ಹನ್ನೊಂದು.

ನೀನು ಪ್ರತಿ ಮಾಡಿದ್ದು ಯಾವ ಯಂತ್ರದಲ್ಲಿ? ಅದರ ಹೊಟ್ಟೆ ಬಿಚ್ಚಿ ನೋಡು. ಏನು ಸಿಕ್ಕಿತೋ ಬರೆ. ನಿನ್ನ ಅಕ್ಕನಿಗೆ ಇನ್ನೂ ಹೇಳಿಲ್ಲ.

ಭಾವ

*

ಏಪ್ರಿಲ್ 23

ಭಾವ,

ಮೂರು ವಾರ ತಡವಾಯಿತು. ಖಚಿತವಾಗದೆ ಬರೆಯಬಾರದು ಎಂದು ತಡಮಾಡಿದೆ. ಈಗ ಖಚಿತವಾಗಿದೆ.

ನಮ್ಮ ಕ್ರೀಡಾಪುಟದವರ ಹತ್ತಿರ ಓಟದ ಪಂದ್ಯಕ್ಕೆ ಬಳಸುವ ಗಡಿಯಾರ ಇತ್ತು, ತಂದೆ. ಅಂಗಡಿಯಿಂದ 'ಹಳದಿ ಛತ್ರಿ' ಒಂದು ಕೊಂಡು ತಂದೆ. ನನ್ನ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಕೊನೆಯ ಹಾಡು ಸರಿಯಾಗಿ ನಾಲ್ಕು ನಿಮಿಷ. ಪಕ್ಕದ ಮನೆಯವರ ಯಂತ್ರದಲ್ಲಿ ಹಾಕಿದರೆ ಮೂರು ನಲವತ್ತು.

ಡಿಸೆಂಬರಿನಲ್ಲಿ ನನ್ನ ಯಂತ್ರದ ಬೆಲ್ಟ್ ತುಂಡಾಗಿತ್ತು. ಆ ಅಳತೆಯದು ಸಿಗಲಿಲ್ಲ. ಕಚೇರಿಯಲ್ಲಿ ಪ್ರೂಫಿನ ಕಟ್ಟುಗಳಿಗೆ ಹಾಕುವ ಅಗಲ ರಬ್ಬರ್ ಇರುತ್ತದಲ್ಲ, ಅದನ್ನು ಹಾಕಿದೆ. ತಿರುಗಿತು. ತಿರುಗುತ್ತಿದೆ ಎಂದು ಬಿಟ್ಟೆ. ಅದು ಜಾರುತ್ತಾ ತಿರುಗುತ್ತಿತ್ತು. ನಿಮ್ಮ ಕ್ಯಾಸೆಟ್ ಓಡಿದ್ದು ಅದರಲ್ಲಿ, ಪ್ರತಿ ತೆಗೆದದ್ದು ಪಕ್ಕದ ಮನೆಯವರ ಯಂತ್ರದಲ್ಲಿ, ಹಾಗಾಗಿ ಒಂಬತ್ತು ಪ್ರತಿಗಳಿಗೂ ಆ ನಿಧಾನವೇ ಇಳಿಯಿತು. ಒಂಬತ್ತು ಜನ ಒಂಬತ್ತು ಮನೆಯಲ್ಲಿ ಕೇಳಿದ್ದು ನನ್ನ ರಬ್ಬರನ್ನು.

ಈ ತಿಂಗಳ ಹತ್ತಕ್ಕೆ ಎಲ್ಲರನ್ನೂ ಲಿಫ್ಟ್ ರಿಪೇರಿಯವರ ಕಾರ್ಖಾನೆಗೆ ಕರೆಸಿದೆ. ವಿಷಯ ಹೇಳಿದೆ. ಆಮೇಲೆ ಕ್ಷೌರದಂಗಡಿಯವರು, "ರೇಡಿಯೋದಲ್ಲಿ ಬಂದಾಗ ಚುರುಕಾಗಿದೆ ಅನ್ನಿಸ್ತು ಕಣ್ರೀ. ಅವ್ರು ಬೇಗ ಮುಗಿಸೋಕೆ ಓಡಿಸ್ತಾರೇನೋ ಅಂದ್ಕೊಂಡೆ" ಅಂದರು. ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಅಂಗಡಿಯ ಕ್ಯಾಸೆಟ್ಟನ್ನು ಲಿಫ್ಟ್ ರಿಪೇರಿಯವರ ಯಂತ್ರದಲ್ಲಿ ಹಾಕಿ ಮೂರು ಸಲವೂ ಕೇಳಿದೆವು. ನರ್ಸಮ್ಮ ಎಣಿಸಿದರು. ನೂರ ಇಪ್ಪತ್ತು. ಗಡಿಯಾರ ಚೀಲದೊಳಗೆ ಇಟ್ಟುಕೊಂಡು, "ಇಪ್ಪತ್ತೈದು ವರ್ಷದಲ್ಲಿ ನಾನು ಒಂದು ನಾಡಿ ತಪ್ಪು ಬರ್ದಿಲ್ಲ. ಈಗ್ಲೂ ಬರ್ದಿಲ್ಲ. ನೀವು ನನ್ ಮುಂದೆ ಮಲಗ್ಸಿದ್ ರೋಗಿನೇ ಬೇರೆ" ಅಂದರು. ನನ್ನ ಕಡೆ ನೋಡಲಿಲ್ಲ.

ಹಾಡುಗಳ ಬಗ್ಗೆ ಅಭಿಪ್ರಾಯ ಹೆಚ್ಚು ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಮೇಷ್ಟ್ರು, "ಜಾಹೀರಾತು ಜೋರಾಗಿ ಓಡಿದ್ರೂ ಜಾಹೀರಾತೇ" ಎಂದು ಎದ್ದು ಹೋದರು. ಟೊಳ್ಳು ಹಾಡುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಿಫ್ಟ್ ರಿಪೇರಿಯವರು ಏಳನೆಯ ಹಾಡಿನ ಮಧ್ಯೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಡ್ರಮ್ಸ್ ಒಂದೇ ಕೇಳಿ. ಮಿಕ್ಕಿದ್ದೆಲ್ಲ ಅದರ ಮೇಲೆ ಒಣಹಾಕಿರೋ ಬಟ್ಟೆ" ಅಂದರು. ಎಂಟು ಜನ ಒಪ್ಪಿದರು. ನಾನೂ.

ಭಾನುವಾರದ ಪುಟದವರಿಗೆ ತಪ್ಪೊಪ್ಪಿಗೆ ಕೊಟ್ಟೆ. "ಎರಡು ತಿಂಗಳ ಹಿಂದಿನ ಕ್ಯಾಸೆಟ್ಟಿಗೆ ತಿದ್ದುಪಡಿ ಹಾಕೋಕೆ ಇದೇನು ಚುನಾವಣೆ ಫಲಿತಾಂಶನಾ ಮಾರಾಯಾ?" ಎಂದು ವಾಪಸು ಕೊಟ್ಟರು. ಕಂಪನಿಗೆ ನೋಂದಾಯಿತ ಅಂಚೆಯಲ್ಲಿ ಬರೆದೆ. ಎರಡು ಸಾಲಿನ ಉತ್ತರ ಬಂತು. ಆಲ್ಬಂ ನಿರೀಕ್ಷೆಗೂ ಮೀರಿ ಜನಪ್ರಿಯವಾಗಿದೆ, ಕೇಳುಗರ ಪ್ರೋತ್ಸಾಹಕ್ಕೆ ಕೃತಜ್ಞರು. ಡ್ರಮ್ಮರ್ ಎಂಬ ಮಾತೇ ಅದರಲ್ಲಿ ಇಲ್ಲ.

ಉಳಿದದ್ದು ನಮ್ಮ ಹಾಳೆ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಎಲ್ಲವನ್ನೂ ಬರೆದು ಕ್ಷಮೆ ಕೇಳುತ್ತೇನೆ. ಕರಡು ಇದರೊಂದಿಗಿದೆ. ನೀವು ನೋಡಿ ಹೂಂ ಎನ್ನಬೇಕು.

ಏನೆಂದು ಸಹಿ ಮಾಡಲಿ ಎಂದು ತಿಳಿಯದ,
ನಿಮ್ಮ ಭಾಮೈದ

*

ಮೇ 11

ಅಯ್ಯಾ ಭಾಮೈದ,

ಕರಡು ವಾಪಸು ಕಳಿಸಿದ್ದೇನೆ. ಅಚ್ಚು ಹಾಕಬೇಡ.

ಕಾರಣ ಕೇಳು. ಈಗ ನಾನು ವಾದ್ಯಗಳ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಬರುವವರಿಗೆ ವಾದ್ಯ ನುಡಿಸಿ ತೋರಿಸುವುದು ಕೆಲಸ. ಹೆಚ್ಚಾಗಿ ಕೇಳುವುದು ಆ ಪೆಟ್ಟಿಗೆಯನ್ನೇ. ಅದನ್ನು ತೋರಿಸುವುದರಲ್ಲಿ ಈಗ ನನ್ನಷ್ಟು ಚುರುಕಾದವರು ಅಂಗಡಿಯಲ್ಲಿ ಇನ್ನೊಬ್ಬರಿಲ್ಲ. ನಿನ್ನೆ ಒಬ್ಬ, "ತಾಳ ತಪ್ಪಲ್ಲ ತಾನೆ?" ಎಂದು ಕೇಳಿದ. "ನನ್ನ ಮೇಲೆ ಭರವಸೆ ಇಡಿ" ಅಂದೆ.

ಇಲ್ಲಿ ಬರುವ ಕೆಲವರು ನನ್ನ ಗುರುತು ಹಿಡಿಯುತ್ತಾರೆ. 'ಇಂಗಾಲ'ದವರಲ್ವಾ, ಯಾಕೆ ಬಿಟ್ರಿ, ಅಂತ ಕೇಳುತ್ತಾರೆ. ವಯಸ್ಸಾಯ್ತಪ್ಪ, ಅಂತೀನಿ. ತಲೆ ಅಲ್ಲಾಡಿಸುತ್ತಾರೆ. ಅದರಲ್ಲಿ ಒಂದು ಮರ್ಯಾದೆ ಇದೆ. ನೀನು ಅಚ್ಚು ಹಾಕಿದರೆ ನಾನು ಏನಾಗುತ್ತೇನೆ ಹೇಳು? ರಬ್ಬರಿನಿಂದ ಕೆಲಸ ಹೋದವನು. ಬದುಕಿರುವವರೆಗೆ ಅದೇ ಹೆಸರು. ನಿಧಾನವಾದ ಡ್ರಮ್ಮರ್ ಅನ್ನಿಸಿಕೊಂಡೇ ಇರುತ್ತೇನೆ, ನಗೆಪಾಟಲಾದ ಡ್ರಮ್ಮರ್ ಬೇಡ.

ಕಳೆದ ವಾರ ಮೈದಾನದ ಕಾರ್ಯಕ್ರಮಕ್ಕೆ ಹೋಗಿದ್ದೆ. ಟಿಕೆಟ್ ಕೊಂಡೇ ಹೋದೆ, ಹಿಂದಿನ ಸಾಲು. ನಾವು ನೋಡಿದ್ದಕ್ಕೆ ಮೂರು ಪಟ್ಟು ಜನ. 'ಕಿಟಕಿ ತೆಗಿ' ಬಂದಾಗ ಎಲ್ಲರೂ ಗಂಟಲಿನ ಜೊತೆ ಹಾಡಿದರು, ಅವನು ಹಾಡುವುದನ್ನೇ ನಿಲ್ಲಿಸಿ ಮೈಕನ್ನು ಅವರ ಕಡೆ ಹಿಡಿದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಯಾವತ್ತೂ ನೋಡಿಲ್ಲ. ನಾನು ಕೂರುತ್ತಿದ್ದ ಜಾಗದಲ್ಲಿ ಹೂವಿನ ಕುಂಡ ಇಟ್ಟಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಡ್ರಮ್ಮರ್ ಎಲ್ಲಿ ಅಂತ ಕೇಳಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, "ಅಂಕಲ್, ನಿಮ್ಗೂ ಇವ್ರು ಇಷ್ಟಾನಾ?" ಅಂದಳು. ಈಚೆಗೆ ಅಷ್ಟಿಲ್ಲಮ್ಮ, ಅಂದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ನಂಬು. ಕೇಳಿದ್ದನ್ನು ಕೇಳಿದ ಹಾಗೆ ಬರೆದೆ, ಅದಕ್ಕಿಂತ ಹೆಚ್ಚು ನಾನು ಯಾರಿಂದಲೂ ಕೇಳಿಲ್ಲ. ಯಂತ್ರ ಕೈಕೊಟ್ಟರೆ ನೀನೇನು ಮಾಡುತ್ತೀಯಾ? ನಿನ್ನ ಅಕ್ಕ ಇನ್ನೂ ಉರಿಯುತ್ತಿದ್ದಾಳೆ. ದಿನಾ ನಿನ್ನ ಪರ ವಾದ ಮಾಡುತ್ತಿದ್ದೇನೆ. ನಮ್ಮ ಹತ್ತಿರ ಇಷ್ಟು ವರ್ಷದಲ್ಲಿ ಸುಳ್ಳು ಹೇಳದೇ ಇದ್ದವನು ಅವನೊಬ್ಬನೇ ಕಣೆ, ಎಂದು ಹೇಳಿ ಹೇಳಿ ಈಗ ಸ್ವಲ್ಪ ಮೆತ್ತಗಾಗಿದ್ದಾಳೆ.

ಹಾಳೆ ನಿಲ್ಲಿಸಬೇಡ.

ಭಾವ

*

ಜೂನ್ 2

ಭಾವ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನೀವು ಬೈದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನೀವು ಬೈಯಲಿಲ್ಲ.

ಕ್ಯಾಸೆಟ್ ಬಂದ ದಿನ ಮಧ್ಯಾಹ್ನ ರಜೆ ಇತ್ತು, ಊಟ ಮುಗಿಸಿ ಹಾಕಿದೆ. ಗಂಟಲು ಮೊದಲ ಸಾಲು ಹಾಡುತ್ತಿದ್ದಂತೆ ನನಗೆ ಗೊತ್ತಾಯಿತು. ಅನುಮಾನ ಅಂತ ಬರೆಯಲು ಹೊರಟೆ, ಅದು ಸರಿಯಾದ ಪದವಲ್ಲ. ಗೊತ್ತಾಯಿತು. ಅವನು ಅಷ್ಟು ಕೆಳಗಿನ ಶ್ರುತಿಯಲ್ಲಿ ಹಾಡಲಾರ, ಹಾಡಿಲ್ಲ. ನೀವೆಲ್ಲ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಗಿಟಾರಿನ ಒಂದು ತಂತಿ ಸ್ವಲ್ಪ ಇಳಿದಿದ್ದರೂ ಬಾಗಿಲ ಹೊರಗಿನಿಂದ ಹೇಳುತ್ತಿದ್ದವನು ನಾನು. ಯಂತ್ರಕ್ಕೆ ಯಾವ ರಬ್ಬರ್ ಹಾಕಿದ್ದೇನೆ ಎಂಬುದೂ ನೆನಪಿತ್ತು. 'ಗಣಿ' ಕ್ಯಾಸೆಟ್ ಕಪಾಟಿನಲ್ಲೇ ಇತ್ತು. ಅದನ್ನು ಹಾಕಿ ಅದೂ ನಿಧಾನವಾಗಿ ಓಡುತ್ತದೆಯೇ ಎಂದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಎದ್ದು ಕಪಾಟಿನ ಬಾಗಿಲು ತೆರೆದೆ. ಮತ್ತೆ ಮುಚ್ಚಿದೆ.

ಯಾಕೆ ಎಂದರೆ, 'ಇಂಗಾಲ ಆರಿತು' ಎಂಬ ತಲೆಬರಹವನ್ನು ಜನವರಿ ಹತ್ತಕ್ಕೇ ಬರೆದಿಟ್ಟಿದ್ದೆ. ನೀವು ಕ್ಯಾಸೆಟ್ ಕಳಿಸುವ ಹದಿನೆಂಟು ದಿನ ಮೊದಲು. ಅವತ್ತು ನಮ್ಮ ಪತ್ರಿಕೆಯಲ್ಲಿ ನಿಮ್ಮ ಐದು ಜನರ ಚಿತ್ರ ಬಂದಿತ್ತು, ಇಸ್ತ್ರಿ ಮಾಡಿದ ಹಳದಿ ಅಂಗಿ ಹಾಕಿಕೊಂಡು ನಗುತ್ತಾ ನಿಂತಿದ್ದಿರಿ. ಚಿತ್ರದ ಕೆಳಗಿನ ಸಾಲಿನ ಪ್ರೂಫ್ ನಾನೇ ನೋಡಿದ್ದು. ಒಂದೇ ಒಂದು ತಪ್ಪಿರಲಿಲ್ಲ. ನೀವು ಇನ್ನು ಎಲ್ಲರಿಗೂ ಬೇಕಾಗುತ್ತೀರಿ ಎಂದು ಅನ್ನಿಸಿತು. ಎಲ್ಲರಿಗೂ ಬೇಕಾದ ಮೇಲೆ ಮುನ್ನೂರು ಜನರ ಹಾಳೆ ಯಾರಿಗೆ ಬೇಕು? ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ನೀವು ಸೋತಿರುವ ಒಂದು ಆಲ್ಬಂ. ಯಂತ್ರ ಅದನ್ನು ಕೊಟ್ಟಿತು. ನಾನು ತೆಗೆದುಕೊಂಡೆ.

ಒಂದೇ ಸಲ ಕೇಳಿದೆ. ಮೂರು ಸಲದ ನಿಯಮ ಮಾಡಿದವನು ನಾನು, ಮುರಿದವನೂ ನಾನು. ಎರಡನೆಯ ಸಲ ಕೇಳಿದ್ದರೆ ಡ್ರಮ್ಸ್ ಬಗ್ಗೆ ಬರೆದದ್ದನ್ನು ಬರೆಯಲಾಗುತ್ತಿರಲಿಲ್ಲ. ಅದೂ ಗೊತ್ತಿತ್ತು. ನಿಮ್ಮ ಕೆಲಸ ಹಾಳೆಯ ಮೇಲೆ ನಿಂತಿದೆ ಎಂದು ನಿಮ್ಮ ಕಾಗದ ಎದುರಿಗೇ ಬಿಚ್ಚಿಕೊಂಡು ಬಿದ್ದಿತ್ತು.

ನನ್ನ ಪರ ವಾದ ಮಾಡಬೇಡಿ. ಅಕ್ಕ ಹೇಳಿದ್ದೇ ಸರಿ.

ಕ್ಷಮೆ ಕೇಳುತ್ತಿಲ್ಲ. ಇದು ನಿಮಗೆ ಗೊತ್ತಿರಬೇಕು, ಅಷ್ಟೇ.

*

ಜೂನ್ 14

ಪುಟ್ಟೂ,

ಅಂಚೆಯವನು ಬಂದಾಗ ಇವರು ಅಂಗಡಿಯಲ್ಲಿದ್ದರು. ಕಾಗದದ ಮೇಲೆ ಇವರ ಹೆಸರಿತ್ತು, ಆದರೂ ಒಡೆದೆ. ಮದುವೆಯಾದ ಮೇಲೆ ಇವರ ಕಾಗದ ಒಡೆದದ್ದು ಇದೇ ಮೊದಲು. ಸಹಿ ಕೂಡ ಮಾಡಿಲ್ಲ ನೀನು. ಅಕ್ಷರ ನೋಡಿದರೆ ಸಾಲದಾ?

ಎರಡು ಸಲ ಓದಿದೆ. ಆಮೇಲೆ ಹೋಗಿ ಒಲೆ ಹಚ್ಚಿದೆ. ಅದರಲ್ಲಿ ಇಟ್ಟೆ. ಪೂರ್ತಿ ಉರಿಯುವ ತನಕ ನಿಂತಿದ್ದೆ.

ಇವರಿಗೆ ಹೇಳುವುದಿಲ್ಲ. ನಿನ್ನನ್ನು ಉಳಿಸುವುದಕ್ಕೆ ಅಂತ ತಿಳಿಯಬೇಡ. ನಿನ್ನನ್ನು ಈಗ ನೋಡಿದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಗಂಟಲಣ್ಣ ಇವರನ್ನು ಬಿಟ್ಟ. ಉಳಿದ ಮೂವರು ಒಂದು ಫೋನ್ ಮಾಡಲಿಲ್ಲ. ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಆ ಪೆಟ್ಟಿಗೆ ತೋರಿಸುವುದಕ್ಕೆ ಹೋಗುತ್ತಾರೆ. ಸಾಯಂಕಾಲ ಬಂದು ಕೂತು ಒಂದೇ ಮಾತು. "ಎಲ್ರೂ ಕೈಬಿಟ್ರು ಕಣೆ. ಅವನೊಬ್ಬ ನೇರವಾಗಿ ಬರ್ದ. ಯಂತ್ರ ಕೆಟ್ಟಿತ್ತು, ಅವನೇನ್ ಮಾಡ್ತಾನೆ ಪಾಪ." ದಿನಾ ಹೇಳುತ್ತಾರೆ. ನಾನು ಮೊದಲೆಲ್ಲ ಜಗಳ ಆಡುತ್ತಿದ್ದೆ, ಈಗ ಹೂಂ ಅನ್ನುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಇವರ ಕೈಯಲ್ಲಿ ಮಿಕ್ಕಿರುವುದು ಅದೊಂದೇ. ಅದನ್ನೂ ನೀನು ಕಿತ್ತುಕೊಳ್ಳಬೇಕಾ? ನಿನ್ನ ಮನಸ್ಸು ಹಗುರ ಆಗಲಿ ಅಂತ?

ಹಗುರ ಮಾಡಿಕೊಳ್ಳಬೇಡ. ಇಟ್ಟುಕೋ.

ನಿನ್ನ ಉತ್ತರ ಬರಲಿಲ್ಲ ಅಂತ ಎರಡು ಸಲ ಕೇಳಿದರು. ಬರೆ. ನೀನು ಇಲ್ಲಿಗೆ ಬಂದಾಗ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ತಪ್ಪಿಲ್ಲ ಕಣೋ, ಅಂತಾರೆ. ಪ್ರತಿ ಸಲ ಬಂದಾಗಲೂ ಅಂತಾರೆ, ಇವರ ಸ್ವಭಾವ ನಿನಗೆ ಗೊತ್ತಲ್ಲ. ನೀನು ಕೂತು ಕೇಳಬೇಕು. ನಾನು ಎದುರಿಗೇ ಇರುತ್ತೇನೆ.

ಅಕ್ಕ

*

ಜೂನ್ 23

ಪ್ರೀತಿಯ ಭಾವ,

ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕಚೇರಿಯಲ್ಲಿ ಇಬ್ಬರು ರಜೆಯಲ್ಲಿದ್ದಾರೆ, ಮೂರು ಜನರ ಪ್ರೂಫ್ ನಾನೊಬ್ಬನೇ ನೋಡುತ್ತಿದ್ದೇನೆ.

ನೀವು ಹೇಳಿದ ಹಾಗೆ ಕರಡನ್ನು ಅಚ್ಚು ಹಾಕಲಿಲ್ಲ. ಹಾಳೆ ನಿಲ್ಲಿಸುವುದಿಲ್ಲ. ನರ್ಸಮ್ಮ ಮತ್ತು ಮೇಷ್ಟ್ರು ಕೂಟ ಬಿಟ್ಟರು. ಉಳಿದವರಿದ್ದಾರೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಬರುತ್ತೇನೆ. ಮಧ್ಯಾಹ್ನ ಊಟಕ್ಕೆ ಇರುತ್ತೇನೆ ಎಂದು ಅಕ್ಕನಿಗೆ ಹೇಳಿ.

ನೀವು ಬರೆದದ್ದನ್ನು ಯೋಚಿಸಿದೆ. ನೀವು ಹೇಳಿದ್ದು ಸರಿ. ಯಂತ್ರದ್ದೇ ತಪ್ಪು. ನನಗೆ ತಿಳಿಯುವ ಹಾಗಿರಲಿಲ್ಲ.

ನಿಮ್ಮ ಭಾಮೈದ